ಜಿದ್ದಿಗೆ ಬರುವವರು

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಕೋರ್ಟಿನಲ್ಲಿ ರಿಂಗಿನ ಹಿಂದಿನ ಜಾಗಕ್ಕೆ ಆಗುವಷ್ಟು ಜಗಳ ನಮ್ಮೂರಿನ ರೇಷನ್ ಅಂಗಡಿಯ ಮುಂದೆಯೂ ಆಗುವುದಿಲ್ಲ. ಅಲ್ಲಿ ಕೂತರೆ ಆಟ ಸರಿಯಾಗಿ ಕಾಣುವುದಿಲ್ಲ. ಬೋರ್ಡು ಅಡ್ಡ ಬರುತ್ತದೆ, ಗುರಿ ತಪ್ಪಿದ ಚೆಂಡು ನೇರವಾಗಿ ಮೂಗಿಗೆ ಬಂದು ಬಡಿಯುತ್ತದೆ. ಆದರೂ ಹೊಳೆಯ ಆಚೆ ದಂಡೆಯ ಕಾಲೇಜಿನ ಜೊತೆ ಮ್ಯಾಚ್ ಇದೆ ಅಂದರೆ, ಬೆಳಗಿನ ತಿಂಡಿ ಮುಗಿಯುವ ಮೊದಲೇ ಜನ ದಿಂಬು, ಚಾಪೆ, ಟವೆಲು ಹಾಸಿ ಅಲ್ಲಿ ಜಾಗ ಹಿಡಿದಿರುತ್ತಾರೆ. ಯಾಕೆಂದರೆ ಪೂರ್ವದ ಮೆಟ್ಟಿಲುಗಳ ಮೇಲೆ ಬಂದು ಕೂರುವ ನಮ್ಮ ಸತ್ತವರು ಮನೆಯವರ ಮುಖ ನೋಡುವುದಿಲ್ಲ. ಅವರು ನೋಡುವುದು ಚೆಂಡನ್ನು ಮಾತ್ರ. ಚೆಂಡು ರಿಂಗಿಗೆ ಬಂದಾಗ ಅವರ ಕಣ್ಣೂ ಆ ಕಡೆ ಬರುತ್ತದೆ. ಹಿಂದೆ ಕೂತವರಿಗೆ ಆ ಒಂದು ಕ್ಷಣ ತಮ್ಮನ್ನೇ ನೋಡಿದ ಹಾಗೆ ಆಗುತ್ತದೆ. ಅಷ್ಟಕ್ಕೇ ಈ ಜಗಳವೆಲ್ಲ.

ನಾನು ಆ ಕಾಲೇಜಿನ ಪಿ.ಡಿ., ಅಂದರೆ ಆಟ ಆಡಿಸುವ ಮೇಷ್ಟ್ರು. ಹೆಸರು ದೊರೆಸ್ವಾಮಿ. ಹೆಸರಿನಲ್ಲಷ್ಟೇ ದೊರೆ. ಹುಡುಗರನ್ನು ಬೆಳಗ್ಗೆ ಎಬ್ಬಿಸಿ ಓಡಿಸುವುದು, ಹರಿದ ನೆಟ್ಟು ಹೊಲಿಸುವುದು, ವಲಯ ಕಮಿಟಿಯವರ ಕಾಲು ಹಿಡಿದು ಮ್ಯಾಚಿನ ದಿನ ಗೊತ್ತುಮಾಡಿಸುವುದು ನನ್ನ ಕೆಲಸ. ಬೇರೆ ಊರುಗಳಲ್ಲಿ ಈ ಕೆಲಸ ಮಾಡುವವನನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನಮ್ಮೂರಿನಲ್ಲಿ ಹಾಗಲ್ಲ. ಪೇಟೆ ಬೀದಿಯಲ್ಲಿ ಹೊರಟರೆ ನಾಲ್ಕು ಜನವಾದರೂ ಅಡ್ಡ ಹಾಕಿ, "ಸಾರ್, ಆಚೆ ದಂಡೆ ಮ್ಯಾಚ್ ಯಾವಾಗ ಇಟ್ಟಿದ್ದೀರ?" ಎಂದು ಕೇಳುತ್ತಾರೆ. ಅವರ ದನಿಯಲ್ಲಿ ಆಟದ ಉತ್ಸಾಹ ಇರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಒಳಗೆ ಯಾವಾಗ ಬಿಡುತ್ತೀರಿ ಎಂದು ಕೇಳುವವರ ದನಿ ಅದು.

ಸತ್ತವರು ಆಚೆ ದಂಡೆಯವರ ಮೇಲಿನ ಮ್ಯಾಚಿಗೆ ಮಾತ್ರ ಬರುತ್ತಾರೆ. ಬೇರೆ ಕಾಲೇಜು ಬಂದರೆ ಮೆಟ್ಟಿಲು ಖಾಲಿ. ಒಂದು ವರ್ಷ ನಮ್ಮ ಹುಡುಗರಲ್ಲೇ ಐದು ಜನಕ್ಕೆ ಆಚೆ ದಂಡೆಯ ಹಸಿರು ಬನಿಯನ್ ಹಾಕಿಸಿ ಆಡಿಸಿ ನೋಡಿದೆವು. ಊರಿಗೆ ಊರೇ ದಿಂಬು ಹಿಡಿದುಕೊಂಡು ಬಂದಿತ್ತು. ಒಬ್ಬರೂ ಬರಲಿಲ್ಲ. ಇನ್ನೊಂದು ಸಲ ನಿಜವಾದ ಆಚೆ ದಂಡೆಯವರನ್ನೇ ಕರೆಸಿ ಸುಮ್ಮನೆ ಸ್ನೇಹಕ್ಕೊಂದು ಮ್ಯಾಚ್ ಇಟ್ಟೆವು. ಅದಕ್ಕೂ ಬರಲಿಲ್ಲ. ಗೆದ್ದರೂ ಸೋತರೂ ವಲಯದ ಲೆಕ್ಕಕ್ಕೆ ಬರದ ಆಟಕ್ಕೆ ಅವರು ಎದ್ದು ಬರುವುದಿಲ್ಲ ಎಂದು ಆಗ ತಿಳಿಯಿತು. ಪ್ರೀತಿಗೆ ಬರುವವರಾಗಿದ್ದರೆ ಎಂದೋ ಮನೆಗೇ ಬರುತ್ತಿದ್ದರಲ್ಲ. ಅವರು ಬರುವುದು ಜಿದ್ದಿಗೆ.

ಬಂದವರು ಸುಮ್ಮನೆ ಕೂರುವವರೂ ಅಲ್ಲ. ಮೊದಲ ಚೆಂಡು ಮೇಲೆ ಹಾರಿದ ಕ್ಷಣದಿಂದ ಕೊನೆಯ ಸೀಟಿ ಊದುವ ತನಕ ಒಂದೇ ಸಮನೆ ಬೈಗುಳ. "ಚೆಂಡು ಹಿಡಿಯೋದು ನೋಡು, ಹಲಸಿನಹಣ್ಣು ಹೊತ್ತಂಗೆ!" ಎಂದು ಒಬ್ಬರು. "ರೈಲ್ವೆ ಸ್ಟೇಷನ್ ಕದ್ದ ಕಳ್ಳರು, ಬಾಲ್ ಕದಿಯದೆ ಬಿಡ್ತಾರಾ?" ಎಂದು ಇನ್ನೊಬ್ಬರು. ರೈಲು ಹೊಳೆಯ ಈಚೆ ಬರಬೇಕಾಗಿದ್ದದ್ದು ಆಚೆಗೆ ಹೋಯಿತಲ್ಲ, ಆ ಕಾಲದವರೂ ಕೂತಿರುತ್ತಾರೆ. ಬದುಕಿರುವವರಿಗೆ ಆ ರೈಲಿನ ನೆನಪೂ ಇಲ್ಲ. ಊರಿನ ಜನಕ್ಕೆ ಆ ಬೈಗುಳವೇ ಹಿತ. ಅಪ್ಪನ ದನಿ ಕೇಳಿಸಿತಲ್ಲ ಅಂತ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಾರೆ.

ಮೃದು ಮನಸ್ಸಿನವರು ಬರುವುದಿಲ್ಲ. ನಮ್ಮ ಪ್ರೈಮರಿ ಸ್ಕೂಲಿನ ಗುಂಡಪ್ಪ ಮೇಷ್ಟ್ರು ಎರಡೂ ದಂಡೆಯ ಮಕ್ಕಳಿಗೆ ಪುಕ್ಕಟೆ ಪಾಠ ಹೇಳಿದವರು. ತೀರಿಕೊಂಡ ಮೇಲೆ ಅವರು ಒಂದು ಸಲವೂ ಬಂದಿಲ್ಲ. "ಅಪ್ಪ ಅಷ್ಟೊಂದು ಒಳ್ಳೆಯೋರಾಗಬಾರದಿತ್ತು" ಎಂದು ಅವರ ಮಗಳು ಕೋರ್ಟಿನ ಗೇಟಿನಲ್ಲಿ ನಿಂತು ಅತ್ತದ್ದನ್ನು ನಾನೇ ನೋಡಿದ್ದೇನೆ. ಅದಾದ ಮೇಲೆ ಊರಿನವರು ಜಾಗ್ರತೆ ಕಲಿತರು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಕೊನೆಗಾಲಕ್ಕೆ ಕಿವಿಯಲ್ಲಿ ದೇವರ ಹೆಸರು ಹೇಳುವುದಕ್ಕಿಂತ ಮೊದಲು ಆಚೆ ದಂಡೆಯವರು ಮೋಸದಿಂದ ಗೆದ್ದ ಮ್ಯಾಚುಗಳನ್ನು ಹೇಳತೊಡಗಿದರು. ನೋಡಲಿಕ್ಕೆ ಹೊಟ್ಟೆ ಉರಿಯುವ ದೃಶ್ಯ. ಸಾಯುತ್ತಿರುವ ಅಜ್ಜಿ, ಪಕ್ಕದಲ್ಲಿ ಮೊಮ್ಮಗ, "ಅಜ್ಜೀ, ಅದು ಫೌಲ್ ಅಜ್ಜೀ, ರೆಫ್ರಿ ಅವರ ಕಡೆಯೋನು" ಎಂದು ಕಿವಿಯಲ್ಲಿ ಕೂಗುತ್ತಿರುತ್ತಾನೆ.

ಪೋಸ್ಟಾಫೀಸಿನ ಪದ್ಮಾವತಮ್ಮನವರಿಗೆ ಆ ತೊಂದರೆ ಇರಲಿಲ್ಲ. ಅವರ ಯಜಮಾನರು ಶೇಷಾದ್ರಿಯವರು ಹುಟ್ಟು ಜಗಳಗಂಟ. ಸತ್ತ ವರ್ಷವೇ ಬಂದು ಮುಂದಿನ ಸಾಲಿನಲ್ಲಿ ಕೂತು, ಮಡಿಚಿದ ಛತ್ರಿಯನ್ನು ರೆಫ್ರಿಯ ಕಡೆ ಬೀಸಿದರು. ಅಂದಿನಿಂದ ಪದ್ಮಾವತಮ್ಮ ಬಡಗಣ ರಿಂಗಿನ ಕೆಳಗೆ ಖಾಯಂ. "ಬದುಕಿದ್ದಾಗಲೂ ನನ್ನ ಮುಖ ನೋಡಿ ಮಾತಾಡಿದೋರಲ್ಲ ಬಿಡಿ ಸಾರ್," ಎಂದು ಅವರು ನಗುತ್ತಿದ್ದರು. "ಈಗ ಮ್ಯಾಚಿಗೆ ನಾಲ್ಕು ಸಲನಾದ್ರೂ ಈ ಕಡೆ ತಿರುಗ್ತಾರೆ."

ನಮ್ಮ ಟೀಮಿನ ಕ್ಯಾಪ್ಟನ್ ಇರ್ಫಾನ್ ಎಂಬ ಹುಡುಗ. ಅವನ ತಂದೆ ಅನ್ವರ್ ಸಾಬರು ಬಸ್ ಡ್ರೈವರಾಗಿದ್ದವರು, ಸೇತುವೆ ದಾಟಿ ಆಚೆ ದಂಡೆಗೆ ಹೋಗುವ ರೂಟು. ದಿನಾ ಅಲ್ಲಿಯ ಸ್ಟ್ಯಾಂಡಿನಲ್ಲಿ ಜಗಳ ಆಡಿ ಆಡಿ ಜಿದ್ದು ಬೆಳೆಸಿಕೊಂಡಿದ್ದರು. ಹೋದ ವರ್ಷದ ಮ್ಯಾಚಿನಲ್ಲಿ ಮೆಟ್ಟಿಲ ಮೇಲೆ ಅವರನ್ನು ನೋಡಿದಾಗಿನಿಂದ ಇರ್ಫಾನನ ಆಟ ಕೆಟ್ಟುಹೋಯಿತು. ಚೆಂಡು ಕೈಗೆ ಬಂದರೆ ಬಿಡುವುದೇ ಇಲ್ಲ. ಪಾಸ್ ಕೊಡು ಎಂದು ನಾನು ಗಂಟಲು ಹರಿದುಕೊಂಡರೂ ಕೇಳಲಿಲ್ಲ, ನೆಲಕ್ಕೆ ಬಡಿಯುತ್ತಾ, ಸುತ್ತುತ್ತಾ, ನಾಲ್ಕು ಜನ ಮುತ್ತಿಕೊಂಡರೂ ಎದೆಗೆ ಅಪ್ಪಿಕೊಂಡು ನಿಂತಿದ್ದ. ಮ್ಯಾಚ್ ಸೋತೆವು. ಆಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ, ಕೆನ್ನೆಗೆ ಬಾರಿಸೋಣ ಅಂತ ಕೈ ಎತ್ತಿದವನು ನಾನು, ಅವನ ಮಾತು ಕೇಳಿ ಕೈ ಇಳಿಸಿದೆ.

"ಬಾಲ್ ನನ್ನ ಕೈಲಿರೋ ತನಕ ಅಬ್ಬಾ ನನ್ನ ನೋಡ್ತಾರೆ ಸಾರ್," ಎಂದ. "ಪಾಸ್ ಕೊಟ್ಟರೆ ಕಣ್ಣು ಅದರ ಹಿಂದೆ ಹೋಗುತ್ತೆ."

ಅದೇ ಮ್ಯಾಚಿನಲ್ಲಿ ನಾನೂ ಆಟ ನೋಡಿರಲಿಲ್ಲ. ಬೆಂಚಿನಲ್ಲಿ ಕೂತು ಮೆಟ್ಟಿಲುಗಳನ್ನೇ ಒಂದೊಂದಾಗಿ ಹುಡುಕುತ್ತಿದ್ದೆ. ನನ್ನ ಹೆಂಡತಿ ಕಮಲಾಕ್ಷಿ ಆ ವರ್ಷದ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಬರುವುದಿಲ್ಲ ಅಂತ ಗೊತ್ತಿತ್ತು, ಆದರೂ ಹುಡುಕಿದೆ. ಗೊತ್ತಿದ್ದದ್ದು ಯಾಕೆಂದರೆ, ಕಮಲಾಕ್ಷಿ ಆಚೆ ದಂಡೆಯ ಹೆಣ್ಣು.

ಆ ಮದುವೆ ಹೇಗಾಯಿತು ಅಂತ ಊರು ಇವತ್ತಿಗೂ ಕೇಳುತ್ತದೆ. ಆಯಿತು, ಅಷ್ಟೆ. ಅವಳ ತಮ್ಮ ರುದ್ರೇಶನೇ ಈಗ ಆಚೆ ದಂಡೆಯ ಕಾಲೇಜಿನ ಪಿ.ಡಿ. ಅವಳು ಮದುವೆಯಾಗಿ ಬಂದ ಮೇಲೆ ಪ್ರತಿ ಮ್ಯಾಚಿಗೂ ನಮ್ಮ ಹೆಂಗಸರ ಸಾಲಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದಳು. ಆದರೆ ಆಚೆಯವರು ಬಾಸ್ಕೆಟ್ ಹಾಕಿದಾಗೆಲ್ಲ ಸೆರಗಿನ ಒಳಗೆ ಅವಳ ಮುಷ್ಟಿ ಬಿಗಿಯುವುದು ನನಗೆ ಬೆಂಚಿನಿಂದ ಕಾಣುತ್ತಿತ್ತು. ಒಂದೇ ಒಂದು ಸಲ ಮೈಮರೆತು, "ಹಾಕೋ ಮರಿ, ಹಾಕು!" ಎಂದು ಎದ್ದು ನಿಂತುಬಿಟ್ಟಳು. ಬದುಕಿದ್ದವರು, ಸತ್ತವರು ಎಲ್ಲ ಒಟ್ಟಿಗೆ ಅವಳ ಕಡೆ ತಿರುಗಿದರು. ಸತ್ತವರು ಚೆಂಡು ಬಿಟ್ಟು ಬೇರೆ ಏನನ್ನಾದರೂ ನೋಡಿದ್ದು ಅದೊಂದೇ ಸಲ. ಆವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ನಾಚಿಕೆಯಿಂದ ನಗುತ್ತಿದ್ದಳು. "ತಪ್ಪಾಯ್ತು ಕಣ್ರೀ. ಏನ್ ಮಾಡ್ಲಿ, ಒಳಗಿಂದ ಬಂದ್ಬಿಡ್ತು" ಎಂದಳು.

ಅವಳು ಹಾಸಿಗೆ ಹಿಡಿದಾಗ ಪದ್ಮಾವತಮ್ಮ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಆಚೆ ದಂಡೆಯವರ ವಿರುದ್ಧ ಸ್ವಲ್ಪ ಕಿವೀಲಿ ಹೇಳಿ. ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ" ಎಂದು ಪಿಸುಗುಟ್ಟಿದರು. ನಾನೂ ಅವಳ ಪಕ್ಕ ಕೂತು, ಹಿಂದೆ ನಮ್ಮ ಮೇಲೆ ಅವರು ಗೆದ್ದ ಒಂದು ಮ್ಯಾಚಿನ ಮಾತೆತ್ತಿದೆ. ನಿಮ್ಮ ಕಡೆಯ ಹುಡುಗರು ಮೊಣಕೈ ಹಾಕಿದ್ದರು, ಅದು ಮೋಸ ಎಂದೆ. ಎರಡು ದಿನದಿಂದ ಕಣ್ಣು ಬಿಡದಿದ್ದವಳು ಕಣ್ಣು ಬಿಟ್ಟಳು. "ಮೊಣಕೈ ಹಾಕಿದ್ದು ನಿಮ್ಮೋರೇ ಕಣ್ರೀ" ಎಂದು ನಕ್ಕಳು. ಆಮೇಲೆ ನೀರು ಕೇಳಿದಳು. ಅವಳು ನನ್ನ ಹತ್ತಿರ ಸರಿಯಾಗಿ ಆಡಿದ ಕೊನೆಯ ಮಾತು ಅದೇ.

ಹಾಗಾಗಿ ಕಮಲಾಕ್ಷಿ ಎಲ್ಲಾದರೂ ಬಂದರೆ ಆಚೆ ದಂಡೆಯ ಕೋರ್ಟಿಗೇ ಬರಬೇಕು. ಅಲ್ಲೂ ಮೆಟ್ಟಿಲುಗಳಿವೆ, ಅಲ್ಲೂ ಅವರ ಸತ್ತವರು ಬರುತ್ತಾರೆ. ವರ್ಷಕ್ಕೆ ಎರಡು ಮ್ಯಾಚು, ಒಂದು ಇಲ್ಲಿ ಒಂದು ಅಲ್ಲಿ ಅನ್ನುವುದು ಹಳೆಯ ಪದ್ಧತಿ. ಆದರೆ ಅವಳು ತೀರಿಕೊಂಡ ವರ್ಷ ಆಚೆ ದಂಡೆಯ ಕೋರ್ಟಿನ ನೆಲ ಕಿತ್ತು ಹೊಸದಾಗಿ ಹಾಕುತ್ತಿದ್ದರು, ಅಲ್ಲಿಯ ಮ್ಯಾಚ್ ನಡೆಯಲೇ ಇಲ್ಲ. ಮುಂದಿನ ವರ್ಷ ಆಗುತ್ತದಲ್ಲ ಎಂದು ನಾನು ಹಲ್ಲು ಕಚ್ಚಿಕೊಂಡು ಕಾದೆ.

ಆ ಮುಂದಿನ ವರ್ಷ, ಅಂದರೆ ಈ ವರ್ಷ, ವಲಯ ಕಮಿಟಿಯ ಸಭೆಯಲ್ಲಿ ತಲೆ ಮೇಲೆ ಕಲ್ಲು ಬಿತ್ತು. ವಲಯಗಳನ್ನು ಒಡೆಯುತ್ತಾರಂತೆ, ಹೊಳೆಯೇ ಗಡಿಯಂತೆ. ಬರುವ ವರ್ಷದಿಂದ ಆಚೆ ದಂಡೆಯ ಕಾಲೇಜು ಬೇರೆ ವಲಯ, ನಾವು ಬೇರೆ ವಲಯ. ಈ ವರ್ಷದ ಪಟ್ಟಿ ಆಗಲೇ ಕಿಕ್ಕಿರಿದಿರುವುದರಿಂದ ನಮ್ಮಿಬ್ಬರಿಗೆ ಉಳಿದದ್ದು ಒಂದೇ ಮ್ಯಾಚು. ಎಲ್ಲಿ ಆಡುತ್ತೀರಿ ಅನ್ನುವುದನ್ನು ನೀವಿಬ್ಬರೇ ಒಪ್ಪಿಕೊಂಡು ತಿಳಿಸಿ, ಒಪ್ಪಿಗೆಯಾಗದಿದ್ದರೆ ಮ್ಯಾಚೇ ಇಲ್ಲ ಎಂದು ಅಧ್ಯಕ್ಷರು ಬಿಸ್ಕೆಟ್ ಅದ್ದಿಕೊಂಡು ತಿನ್ನುತ್ತಾ ಹೇಳಿದರು. ಅವರ ಊರಿನಲ್ಲಿ ಮೆಟ್ಟಿಲುಗಳ ಮೇಲೆ ಯಾರೂ ಬಂದು ಕೂರುವುದಿಲ್ಲ. ಅವರಿಗೆ ಅದೊಂದು ಆಟ. ಕುರ್ಚಿ ಎತ್ತಿ ಒಗೆಯುವಷ್ಟು ಸಿಟ್ಟು ಬಂತು, ಒಗೆಯಲಿಲ್ಲ.

ಎರಡು ಕಾಲೇಜಿನ ಪಿ.ಡಿ.ಗಳು ಸೇತುವೆಯ ನಟ್ಟನಡುವೆ ನಿಂತು ಮ್ಯಾಚ್ ಗೊತ್ತುಮಾಡಬೇಕು ಅನ್ನುವುದು ನಮ್ಮ ಕಡೆಯ ವಾಡಿಕೆ. ಅವರವರ ಕಾಫಿ ಅವರವರೇ ತರಬೇಕು, ಇನ್ನೊಬ್ಬರ ಫ್ಲಾಸ್ಕಿಗೆ ಕೈ ಹಾಕಬಾರದು. ರುದ್ರೇಶ ನನಗಿಂತ ಮೊದಲೇ ಬಂದು ಕಂಬಿಗೆ ಒರಗಿ ನಿಂತಿದ್ದ. ಅಕ್ಕನದೇ ಮೂಗು, ಅಕ್ಕನದೇ ಹುಬ್ಬು.

"ಸರದಿ ನಮ್ದು ಭಾವ," ಎಂದ. "ಹೋದ ಸಲ ನಿಮ್ಮಲ್ಲಿ ಆಯ್ತು."

"ನಮ್ಮೂರು ಒಪ್ಪಲ್ಲ ಕಣೋ. ಇದೇ ಕೊನೇದು ಅಂತ ಎಲ್ಲರಿಗೂ ಗೊತ್ತಾಗಿದೆ."

"ನಮ್ಮೂರು ಮಾತ್ರ ಒಪ್ಪುತ್ತಾ?" ಅವನು ಹೊಳೆಯ ಕಡೆ ತಿರುಗಿದ. "ಭಾವ, ಊರಿನ ಮಾತು ಆಮೇಲೆ. ಅಮ್ಮನಿಗೆ ಎಂಬತ್ತು ದಾಟಿತು. ಅಕ್ಕನ್ನ ಒಂದ್ಸಲ ನೋಡಿ ಕಣ್ಣು ಮುಚ್ತೀನಿ ಅಂತಾಳೆ. ದಿನಾ ಅದೇ ರಾಗ."

"ಬರ್ತಾಳೆ ಅಂತ ಏನು ಗ್ಯಾರಂಟಿನೋ?"

"ಬರದೆ ಇರ್ತಾಳಾ? ನಿಮ್ಮ ಮನೇಲಿದ್ದಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೋಳು. ಎಲ್ಲ ಸೇರಿಸಿ ಬಡ್ಡಿ ಸಮೇತ ಬೈತಾಳೆ ನೋಡಿ. ನಿಮ್ಮನ್ನೂ ಬೈತಾಳೆ ಭಾವ."

"ಬೈಲಿ," ಎಂದೆ. "ನಿಮ್ಮಲ್ಲೇ ಇಟ್ಕೋ."

ರುದ್ರೇಶ ತನ್ನ ಫ್ಲಾಸ್ಕಿನಿಂದ ಒಂದು ಲೋಟ ಕಾಫಿ ಬಗ್ಗಿಸಿ ನನ್ನ ಕಡೆ ಚಾಚಿದ. ವಾಡಿಕೆ ಮುರಿದು ನಾನು ಅದನ್ನು ಕುಡಿದೆ. ಕಮಲಾಕ್ಷಿ ಮಾಡುತ್ತಿದ್ದ ಹಾಗೆಯೇ ಚಿಕೋರಿ ಜಾಸ್ತಿಯಾಗಿತ್ತು.

ಊರಿಗೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಪ್ರಿನ್ಸಿಪಾಲರು ಕರೆಸಿ, "ಏನ್ರೀ ದೊರೆಸ್ವಾಮಿ, ಸರದಿ ಗಿರದಿ ಅಂತ ಯಾರಿಗೆ ಹೇಳ್ತೀರಿ? ಆಚೆ ದಂಡೆ ಅಳಿಯ ಆಚೆ ದಂಡೆ ಬುದ್ಧಿ ತೋರಿಸಿದ ಅಂತ ಊರೆಲ್ಲ ಉಗೀತಿದೆ" ಎಂದರು. ಅವರ ತಾಯಿಯೂ ಮೆಟ್ಟಿಲಿಗೆ ಬರುವವರೇ. ಅವರ ಕಣ್ಣು ಒದ್ದೆಯಾಗಿದ್ದದ್ದು ನನಗೆ ಕಂಡಿತು. ಸರದಿ ಅವರದೇ ಸಾರ್, ಇಲ್ಲೇ ಅಂತ ಹಟ ಹಿಡಿದರೆ ಎರಡೂ ಕಡೆ ಇಲ್ಲದಂತಾಗುತ್ತದೆ ಎಂದೆ. ಅದು ಸುಳ್ಳಲ್ಲ. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಹೋಟೆಲಿನ ಮಾಣಿ ನನ್ನ ಇಡ್ಲಿಗೆ ಚಟ್ನಿ ಹಾಕದೆ ಹೋದ. ನನ್ನ ಸ್ಕೂಟರಿನ ಸೀಟಿಗೆ ಯಾರೋ ಸಗಣಿ ಮೆತ್ತಿದರು. ಮೆತ್ತಲಿ, ತೊಳೆದುಕೊಂಡೆ.

ಪದ್ಮಾವತಮ್ಮ ಬೈಯಲಿಲ್ಲ. ಸಂಜೆ ಮನೆಯ ಜಗಲಿಗೆ ಬಂದು ಕೂತರು. "ಮ್ಯಾಚಿನ ಹೊತ್ತಿಗೆ ನಮ್ಮನೆಯವರು ಎಲ್ಲಿರ್ತಾರೆ ಸಾರ್?" ಎಂದು ಕೇಳಿದರು. "ಅಲ್ಲಿ ಆಟ ನಡೀತಿರುತ್ತೆ, ಇಲ್ಲಿ ನಡೆಯಲ್ಲ. ನಮ್ಮೋರಿಗೆ ಗೊತ್ತಾಗುತ್ತಾ?" ನನಗೆ ಗೊತ್ತಿಲ್ಲ ಎಂದೆ. ಅವರು ಎದ್ದು ಹೋಗುವಾಗ, "ಕಮಲಾಕ್ಷಿ ಬಂದರೆ ಕೇಳಿದೆ ಅಂತ ಹೇಳಿ" ಎಂದವರು, ಹಾಗೆ ಹೇಳಲಿಕ್ಕಾಗುವುದಿಲ್ಲ ಅನ್ನುವುದು ನೆನಪಾಗಿ ಅಲ್ಲೇ ನಿಂತು ಅತ್ತುಬಿಟ್ಟರು.

ಇರ್ಫಾನನದು ಅದು ಕೊನೆಯ ವರ್ಷ. ಅಭ್ಯಾಸಕ್ಕೆ ಎರಡು ದಿನ ಬರಲಿಲ್ಲ. ಮೂರನೆಯ ದಿನ ನಾನೊಬ್ಬನೇ ನೆಟ್ಟು ಕಟ್ಟುತ್ತಿದ್ದಾಗ ಬಂದು ಏಣಿ ಹಿಡಿದುಕೊಂಡ.

"ಸಾರ್, ಯಾಕೆ ಅಲ್ಲಿ ಒಪ್ಪಿದ್ರಿ?"

"ಸರದಿ ಅವರದು ಕಣಪ್ಪ."

"ಸರದಿ ಅಂತ ಹೇಳ್ಬೇಡಿ ಸಾರ್. ನನಗೆ ಬೇಕಾದ್ರೆ ಎರಡು ಬಾರ್ಸಿ, ಸುಳ್ಳು ಹೇಳ್ಬೇಡಿ."

ನಾನು ಏಣಿಯ ಮೇಲಿನಿಂದ ಬಗ್ಗಿ ನೋಡಿದೆ. ಕೆಳಗೆ ಅವನ ಮುಖ ಕಾಣುತ್ತಿತ್ತು, ಅನ್ವರ್ ಸಾಬರದೇ ಚೂಪು ಗಲ್ಲ. "ನಿಮ್ಮ ಮೇಡಂಗೋಸ್ಕರ," ಎಂದೆ. "ಅವಳು ಇಲ್ಲಿಗೆ ಬರಲ್ಲ ಇರ್ಫಾನ್. ಅಲ್ಲಿಗಾದ್ರೆ ಬರಬಹುದು."

ಅವನು ಏಣಿಯನ್ನು ಬಿಡಲಿಲ್ಲ. ನಾನು ಇಳಿದು ಬರುವ ತನಕ ಹಿಡಿದುಕೊಂಡೇ ಇದ್ದ. "ಹಂಗಾದ್ರೆ ಆಡ್ತೀನಿ ಸಾರ್" ಎಂದು ಹೇಳಿ ಚೆಂಡು ತರಲು ಹೋದ.

ಮ್ಯಾಚಿನ ದಿನ ಮಧ್ಯಾಹ್ನ ನಮ್ಮ ಬಸ್ಸು ಕಾಲೇಜಿನ ಗೇಟು ದಾಟುವಾಗ, ಊರಿನ ಜನ ಒಬ್ಬೊಬ್ಬರಾಗಿ ಒಳಗೆ ಬರುತ್ತಿದ್ದರು. ಎಂದಿನ ಹಾಗೆ ದಿಂಬು, ಚಾಪೆ ಹಿಡಿದುಕೊಂಡಿದ್ದರು. ನಮ್ಮ ಖಾಲಿ ಕೋರ್ಟಿನ ಎರಡು ರಿಂಗಿನ ಹಿಂದೆ ಅವರವರ ಜಾಗ ಹಿಡಿದು, ಖಾಲಿ ಮೆಟ್ಟಿಲುಗಳ ಕಡೆ ಮುಖ ಮಾಡಿ ಕೂತರು. ಬಡಗಣ ರಿಂಗಿನ ಕೆಳಗೆ ಪದ್ಮಾವತಮ್ಮ ಇದ್ದರು. ಆವತ್ತು ಜಾಗಕ್ಕೆ ಜಗಳ ಆಗಲಿಲ್ಲ. ಬಸ್ಸಿನ ಕಿಟಕಿಯಿಂದ ಹುಡುಗರೆಲ್ಲ ನೋಡಿದರು. ಇರ್ಫಾನ್ ಮಾತ್ರ ಆ ಕಡೆ ತಿರುಗಲಿಲ್ಲ.

ಆಚೆ ದಂಡೆಯಲ್ಲಿ ಜನ ಕಿಕ್ಕಿರಿದಿತ್ತು. ರಿಂಗಿನ ಹಿಂದೆ ಕುರ್ಚಿ ಹಾಕಿ ನಮ್ಮತ್ತೆಯನ್ನು ಕೂರಿಸಿದ್ದರು. ಮುದುಕಿ ಮಡಿ ಸೀರೆ ಉಟ್ಟು, ಕೈ ಜೋಡಿಸಿಕೊಂಡು ಇನ್ನೂ ಖಾಲಿಯಿದ್ದ ಮೆಟ್ಟಿಲುಗಳನ್ನು ನೋಡುತ್ತಿತ್ತು. ನಮ್ಮ ಬೆಂಚು ಆ ಮೆಟ್ಟಿಲುಗಳಿಗೆ ನೇರ ಎದುರಿಗೆ. ರೆಫ್ರಿ ಚೆಂಡನ್ನು ಮೇಲೆ ಎಸೆದ.

ಬಂದರು. ಪೇಟದವರು, ಕೋಟಿನವರು, ಮಗ್ಗದ ಸೀರೆಯ ಹೆಂಗಸರು, ಕೂಗುತ್ತಲೇ ಬಂದರು. ಎರಡನೆಯ ಸಾಲಿನಲ್ಲಿ, ಅವಳ ಅಜ್ಜನ ಪಕ್ಕದಲ್ಲಿ, ಕಮಲಾಕ್ಷಿ ಇದ್ದಳು.

ಕಾಯಿಲೆ ಬೀಳುವ ಮೊದಲಿನ ಕಮಲಾಕ್ಷಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು, ಮನೆ ತೊಳೆಯುವಾಗ ಸಿಕ್ಕಿಸುತ್ತಿದ್ದಳಲ್ಲ, ಹಾಗೆ. ಮುಷ್ಟಿ ಈಗ ಸೆರಗಿನ ಒಳಗಿರಲಿಲ್ಲ, ತಲೆಯ ಮೇಲಿತ್ತು. "ಬಿಡಬ್ಯಾಡ ಅವನ್ನ! ನುಗ್ಗೋ! ಆ ದಂಡೆ ಗೂಬೆಗಳಿಗೆ ಕಾಲೇ ಇಲ್ಲ!" ಎಂದು ಕಿರುಚುತ್ತಿದ್ದಳು. ಇಷ್ಟು ದೊಡ್ಡ ಗಂಟಲು ಅವಳಿಗಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನ ಮನೆಯಲ್ಲಿ ಅವಳು ಹಾಲಿನವನನ್ನೂ ಮೆಲ್ಲಗೆ ಕರೆದವಳು. ಎಷ್ಟು ಖುಷಿಯಾಗಿದ್ದಳು ಅಂತೀರಿ! ನನಗೆ ಸಂತೋಷವಾಯಿತು, ಅದಕ್ಕಿಂತ ಹೆಚ್ಚಾಗಿ ಸಂಕಟವಾಯಿತು. ಅಷ್ಟೂ ವರ್ಷ ಇದನ್ನೆಲ್ಲ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ.

ಅವಳ ಕಣ್ಣು ಚೆಂಡಿನ ಜೊತೆ ಎಡಕ್ಕೆ ಹೋಗುತ್ತಿತ್ತು, ಬಲಕ್ಕೆ ಬರುತ್ತಿತ್ತು. ಪ್ರತಿ ಸಲ ನನ್ನ ಮೇಲೆಯೇ ಹಾದುಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ಅತ್ತೆಯ ಕಡೆಯ ರಿಂಗಿಗೆ ಚೆಂಡು ಬಿದ್ದಾಗ ಮುದುಕಿ, "ಕಮಲೀ, ಕಮಲೀ, ಇಲ್ಲಿ ನೋಡೇ ತಾಯಿ" ಎಂದು ಕೈ ಬೀಸಿತು. ಕಮಲಾಕ್ಷಿ ಚಪ್ಪಾಳೆ ತಟ್ಟಿದ್ದು ಬಾಸ್ಕೆಟ್ಟಿಗೆ. ಮುದುಕಿಗೆ ಅದು ತನಗೇ ಅನ್ನಿಸಿರಬೇಕು, ಹಣೆ ನೆಲಕ್ಕೆ ತಾಗುವ ಹಾಗೆ ಬಗ್ಗಿತು.

ಆಟದ ವಿಷಯ ಹೇಳಬೇಕೆಂದರೆ, ನಮ್ಮ ಹುಡುಗರು ಆವತ್ತು ಆಡಿದ ಹಾಗೆ ಎಂದೂ ಆಡಿರಲಿಲ್ಲ. ಇರ್ಫಾನ್ ಪಾಸ್ ಕೊಟ್ಟ. ಚೆಂಡು ಕೈಗೆ ಬಂದದ್ದೇ ತಡ, ಕೆಂಡ ಮುಟ್ಟಿದವನ ಹಾಗೆ ಇನ್ನೊಬ್ಬನಿಗೆ ದಾಟಿಸಿಬಿಡುತ್ತಿದ್ದ. ನೋಡುವ ಕಣ್ಣು ಅಲ್ಲಿರಲಿಲ್ಲವಲ್ಲ. ಕೋಚ್ ಅನ್ನಿಸಿಕೊಂಡ ನಾನು ಒಂದು ಮಾತನ್ನೂ ಹೇಳಲಿಲ್ಲ, ಟೈಮ್ ಔಟ್ ಕೂಡ ಕೇಳಲಿಲ್ಲ. ಹುಡುಗರು ತಾವೇ ತಾವಾಗಿ ಆಡಿ, ಕೊನೆಯ ಕ್ವಾರ್ಟರಿನ ಕೊನೆಗೆ ಸ್ಕೋರ್ ಸಮ ಮಾಡಿದ್ದರು.

ಇನ್ನೇನು ಮುಗಿಯಬೇಕು ಅನ್ನುವಾಗ ನಮ್ಮವನೊಬ್ಬನ ಕೈಗೆ ತಾಗಿದ ಚೆಂಡು ಗೆರೆ ದಾಟಿ ಉರುಳುತ್ತಾ ಬಂದು ನನ್ನ ಬೂಟಿಗೆ ಬಡಿದು ನಿಂತಿತು. ಚೆಂಡು ಅವರದು. ಎತ್ತಿ ರೆಫ್ರಿಗೆ ಕೊಡಬೇಕು, ಮಗುವಿಗೂ ಗೊತ್ತಿರುವ ವಿಷಯ. ನಾನು ಬಗ್ಗಿ ಎತ್ತಿಕೊಂಡೆ. ತಲೆ ಎತ್ತಿದಾಗ ಎದುರಿನ ಮೆಟ್ಟಿಲುಗಳ ಅಷ್ಟೂ ಜನ ನನ್ನ ಕಡೆ ನೋಡುತ್ತಿದ್ದರು. ಕಮಲಾಕ್ಷಿ ನೋಡುತ್ತಿದ್ದಳು.

ಅವಳ ಕಣ್ಣು ಈ ಸಲ ಹಾದುಹೋಗಲಿಲ್ಲ, ನಿಂತಿತು. ನಾನು ಚೆಂಡನ್ನು ಎದೆಗೆ ಒತ್ತಿಕೊಂಡೆ.

"ಬಾಲ್ ಕೊಡಿ ಸಾರ್," ಎಂದ ರೆಫ್ರಿ.

ನಾನು ಕೊಡಲಿಲ್ಲ. ಮೆಟ್ಟಿಲುಗಳಿಂದ ಬೈಗುಳದ ಮಳೆ ಸುರಿಯಿತು. ಅದರ ನಡುವೆ ಅವಳ ದನಿಯನ್ನು ಬೇರೆ ಮಾಡಿ ಹಿಡಿದೆ. ಅವಳು ಎದ್ದು ನಿಂತು, ಬೆರಳು ನನ್ನ ಎದೆಗೇ ಗುರಿ ಇಟ್ಟು, ಕತ್ತಿನ ನರ ಉಬ್ಬಿಸಿ ಕೂಗಿದಳು, "ಕೊಡೋ! ಕೊಡೋ ಅದನ್ನ, ಕಳ್ಳ ನನ್ಮಗನೇ!"

ಮದುವೆಯಾದಂದಿನಿಂದ ಕೊನೆಯ ಲೋಟ ನೀರು ಕೇಳುವ ತನಕ ಅವಳು ನನ್ನನ್ನು ರೀ ಅಂತಲೇ ಕರೆದಿದ್ದಳು. ನನ್ನ ಕಣ್ಣು ತುಂಬಿಬಂತು. ತುಂಬಿದ ಕಣ್ಣಿನಲ್ಲಿ ಅವಳ ಮುಖ ಕದಡುತ್ತದಲ್ಲ ಎಂದು ಗಾಬರಿಯಾಗಿ ತೋಳಿನಿಂದ ಒರೆಸಿಕೊಂಡೆ, ಚೆಂಡನ್ನು ಮಾತ್ರ ಬಿಡಲಿಲ್ಲ. "ಭಾವ, ಬೇಡ ಭಾವ, ಟೆಕ್ನಿಕಲ್ ಕೊಡ್ತಾರೆ" ಎಂದು ರುದ್ರೇಶ ಆ ಬೆಂಚಿನಿಂದ ಕೂಗುತ್ತಿದ್ದ. ರೆಫ್ರಿ ಇನ್ನೊಮ್ಮೆ ಎಚ್ಚರಿಸಿದ. ಅವಳು ಚೆಂಡನ್ನು ನೋಡುತ್ತಿದ್ದಾಳೆ, ನನ್ನನ್ನಲ್ಲ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹಿಡಿದುಕೊಂಡೆ. ಆ ಹುಡುಗ ಹೋದ ವರ್ಷ ಹಿಡಿದುಕೊಂಡ ಹಾಗೆ, ಎರಡೂ ಕೈಯಲ್ಲಿ.

ಸೀಟಿ ಊದಿತು. ರೆಫ್ರಿ ಕೈಗೆ ಕೈ ಅಡ್ಡ ಹಿಡಿದು ಟೆಕ್ನಿಕಲ್ ಫೌಲ್ ತೋರಿಸಿ, ಬಂದು ನನ್ನ ಕೈಯಿಂದ ಚೆಂಡನ್ನು ಬಿಡಿಸಿಕೊಂಡ. ಅವಳ ಕಣ್ಣು ಅದರ ಜೊತೆಯಲ್ಲೇ ಹೊರಟುಹೋಯಿತು. ನನ್ನ ತಪ್ಪಿಗೆ ಸಿಕ್ಕ ಫ್ರೀ ಥ್ರೋವನ್ನು ಅವರ ಹುಡುಗ ಹಾಕಿದ, ಒಳಗೆ ಬಿತ್ತು. ಕಮಲಾಕ್ಷಿ ಅಜ್ಜನ ಭುಜ ಹಿಡಿದು ಕುಣಿದಳು. ಆ ಒಂದು ಪಾಯಿಂಟಿನಲ್ಲಿ ನಾವು ಸೋತೆವು. ಕೊನೆಯ ಸೀಟಿಯ ಸದ್ದು ಅಡಗುವ ಮೊದಲೇ ಮೆಟ್ಟಿಲು ಖಾಲಿಯಾಗಿತ್ತು. ಅತ್ತೆ ಮಾತ್ರ ಇನ್ನೂ ಕೈ ಬೀಸುತ್ತಿತ್ತು. ರುದ್ರೇಶ ಹೋಗಿ ಆ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿದ.

ಬಸ್ಸಿನಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಮ್ಯಾಚು ಸೋತದ್ದು ನನ್ನಿಂದ ಎಂದು ಹುಡುಗರಿಗೆ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ. ಸೇತುವೆಯ ನಡುವೆ ಬಸ್ಸು ನಿಧಾನವಾದಾಗ ಇರ್ಫಾನ್ ಹಿಂದಿನಿಂದ ಎದ್ದು ಬಂದು ಪಕ್ಕದಲ್ಲಿ ಕೂತ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಅವನು ನಮ್ಮ ದಂಡೆಯಲ್ಲಿ ಕಾಣುತ್ತಿದ್ದ ನಮ್ಮ ಕಾಲೇಜಿನ ಕಡೆ ನೋಡಿದ. ಕೋರ್ಟಿನಲ್ಲಿ ಜನ ಇನ್ನೂ ಕೂತೇ ಇದ್ದರು.

"ಸಾರ್," ಎಂದ, "ಇನ್ನೊಂದು ಸ್ವಲ್ಪ ಹೊತ್ತು ಹಿಡ್ಕೋಬೇಕಾಗಿತ್ತು ನೀವು."